ಎಳನೀರಿನಷ್ಟು ತಿಳಿ

ಮೊನ್ನೆ ಮಗಳು ಅರ್ಧ ತಿಂದು ಬಿಟ್ಟ ಚಿಪ್ಸ್ ಪೊಟ್ಟಣದ ಬಾಯಿಗೆ ಒಂದು ಮರದ ಚಿಮಟ ಸಿಕ್ಕಿಸಿ ಇಟ್ಟಿದ್ದಳು. ಬಟ್ಟೆ ಒಣಗಿಸುವ ಕ್ಲಿಪ್ಪು ಅಂದುಕೊಂಡಿದ್ದಾಳೆ, ಪಾಪ. ಬಟ್ಟೆ ಕ್ಲಿಪ್ಪಿಗೆ ಅಷ್ಟುದ್ದದ ಹಿಡಿ ಇರುವುದಿಲ್ಲ, ಅದರ ಬಾಯಿ ಹಾಗೆ ಸುಟ್ಟು ಕಪ್ಪಾಗಿರುವುದೂ ಇಲ್ಲ. ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದೆ. ಮೇಲೆ ಮಸಾಲೆಯ ವಾಸನೆ, ಅದರ ಕೆಳಗೆ ಸ್ಪಿರಿಟ್ಟಿನ ವಾಸನೆ... ಇಷ್ಟು ವರ್ಷದ ಮೇಲೆ ಸ್ಪಿರಿಟ್ಟಿನ ವಾಸನೆ ಉಳಿದಿರಲು ಸಾಧ್ಯವಿಲ್ಲವೆಂದು ನನಗೂ ಗೊತ್ತು. ಮೂಗು ಕೇಳಬೇಕಲ್ಲ. ಅದು ಗಾಜಿನ ಪ್ರನಾಳವನ್ನು ಬೆಂಕಿಗೆ ಹಿಡಿಯುವ ಚಿಮಟ. ಅದನ್ನು ನನ್ನ ಕೈಗೆ ಕೊಟ್ಟವರು ನಮ್ಮ ಪಕ್ಕದ ಮನೆಯ ಸೈನ್ಸ್ ಮೇಡಂ.

ಅರಸೀಕೆರೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಹಿತ್ತಲ ಗೋಡೆ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಪ್ಪನಿಗೆ ಊರೊಳಗೆ ಮಂಡಿ, ಕಣಕಟ್ಟೆಯ ಹತ್ತಿರ ತೆಂಗಿನ ತೋಟ, ವರ್ಷಕ್ಕೊಮ್ಮೆ ಮಠಕ್ಕೆ ಕಾಯಿ ಕಳಿಸುವ ಪದ್ಧತಿ. ಮೇಡಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬೇಲೂರಿನಾಚೆ ಅರೇಹಳ್ಳಿ ಕಡೆಯವರು, ಕಾಫಿ ತೋಟದಲ್ಲಿ ದುಡಿದ ತಂದೆತಾಯಿಯ ಮಗಳು, ಹಾಸ್ಟೆಲಿನಲ್ಲಿದ್ದು ಓದಿ ನೌಕರಿ ಹಿಡಿದವರು. ಮದುವೆಯಾಗಿರಲಿಲ್ಲ. ಅವರ ನಡುಮನೆಯಲ್ಲಿ ಬುದ್ಧನದೊಂದು ಪಟ, ಅದರ ಕೆಳಗೆ ಪುಸ್ತಕದ ಕಪಾಟು. ನಮ್ಮಜ್ಜಿ ಗೋಡೆಯ ಮೇಲಿಂದ ಅವರ ಜೊತೆ ದಿನವೆಲ್ಲ ಮಾತಾಡುತ್ತಿದ್ದಳು, ಕಾಯಿ ಕೊಡುತ್ತಿದ್ದಳು, ಕರಿಬೇವು ಈಸಿಕೊಳ್ಳುತ್ತಿದ್ದಳು. ಆದರೆ ಅವರ ಹೊಸ್ತಿಲು ದಾಟಿದವಳಲ್ಲ, ಅವರ ಮನೆಯ ನೀರು ಕುಡಿದವಳಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಮೇಡಂಗೂ ಗೊತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಏಳು ವರ್ಷ. ಕೆಲವು ದಿನಗಳಿಂದ ನನ್ನ ಕೆನ್ನೆ ತುಂಬಿಕೊಳ್ಳುತ್ತಾ ಬಂದಿತ್ತು, ಅದನ್ನು ನೋಡಿ ಬಂದ ನೆಂಟರೆಲ್ಲ ಮೆಚ್ಚಿಕೊಂಡಿದ್ದರು. ಕಡ್ಡಿಯ ಹಾಗಿದ್ದ ಹುಡುಗಿ ಗುಂಡಗಾದರೆ ಯಾರಿಗೆ ಖುಷಿಯಾಗುವುದಿಲ್ಲ? "ಈಗ ಮೈಕೈ ತುಂಬ್ಕಂಡೈತೆ ನೋಡು ಕೂಸು" ಎಂದು ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದ್ದಳು. ಒಂದು ಬೆಳಿಗ್ಗೆ ರೆಪ್ಪೆ ಊದಿ ಕಣ್ಣು ಬಿಡಲಾಗಲಿಲ್ಲ. ಲಂಗದ ಲಾಡಿ ಸೊಂಟಕ್ಕೆ ಸಾಲದಾಯಿತು. ಅಮ್ಮನಿಗೆ ಆಗ ಭಯ ಹತ್ತಿತು. ಹಾಸನದ ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ, ಇದು ನೆಫ್ರೋಟಿಕ್ ಸಿಂಡ್ರೋಮ್, ಮೂತ್ರದಲ್ಲಿ ಪ್ರೋಟೀನು ಸೋರಿಹೋಗುತ್ತಿದೆ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು. ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ದಿನಾ ತೂಕ, ದಿನಾ ಬೆಳಿಗ್ಗೆ ಮನೆಯಲ್ಲೇ ಮೂತ್ರ ಕಾಯಿಸಿ ನೋಡಬೇಕು ಎಂದೂ ಹೇಳಿದರು. ಬಹಳ ಮಕ್ಕಳು ಈ ಮಾತ್ರೆಗೆ ಚೇತರಿಸಿಕೊಳ್ಳುತ್ತಾರೆ, ಆದರೆ ಮಧ್ಯದಲ್ಲಿ ಬಿಡುವ ಹಾಗಿಲ್ಲ ಎಂದು ಎಚ್ಚರಿಸಿದರು. ಅಪ್ಪ ತಲೆಯಾಡಿಸಿ ಬಂದರು. ಉಪ್ಪು, ತೂಕ ಎಲ್ಲ ಸರಿ, ಉಚ್ಚೆ ಕಾಯಿಸುವುದೆಂದರೆ ಏನು ಎಂಬುದು ದಾರಿಯುದ್ದಕ್ಕೂ ಅವರಿಗೆ ಅರ್ಥವಾಗಲಿಲ್ಲ.

ತೂಕ ನೋಡುವುದು ನಮ್ಮ ಮನೆಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಂಡಿಯಲ್ಲಿ ಕೊಬ್ಬರಿ ಚೀಲ ಏರಿಸುವ ತಕ್ಕಡಿಯ ಮೇಲೆ ನನ್ನನ್ನೂ ಏರಿಸುತ್ತಿದ್ದರು. ಹಮಾಲಿಗಳು "ಬತ್ತು ನೋಡ್ರಪ್ಪಾ ಒಂದನೇ ನಂಬರ್ ಮಾಲು" ಎಂದು ನಗುತ್ತಿದ್ದರು, ನಾನು ಜಂಬದಿಂದ ನಿಲ್ಲುತ್ತಿದ್ದೆ. ಮೂತ್ರ ಕಾಯಿಸುವ ಕೆಲಸಕ್ಕೆ ಮಾತ್ರ ಅಮ್ಮ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕಾಯಿತು. ಮೇಡಂ ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ಮಗೂನ ಕರ್ಕೊಂಡು ಬನ್ನಿ" ಎಂದರು.

ಅವರ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪಿರಿಟ್ ದೀಪ, ಪಕ್ಕದಲ್ಲಿ ಪ್ರನಾಳ, ವಿನೆಗರ್ ಸೀಸೆ. ಪ್ರನಾಳದ ಮುಕ್ಕಾಲು ಭಾಗ ತುಂಬಿಸಿ ಚಿಮಟದಲ್ಲಿ ಹಿಡಿದು ಮೇಲ್ಭಾಗವನ್ನು ಮಾತ್ರ ಉರಿಗೆ ಒಡ್ಡಿದರು. ಕುದಿ ಬಂತು. ಕೆಳಗೆ ತಿಳಿಯಾಗಿಯೇ ಇತ್ತು, ಮೇಲೆ ಮಾತ್ರ ಬೆಳ್ಳಗೆ ಗರಣೆ ಕಟ್ಟಿತು. ಒಂದೆರಡು ಹನಿ ವಿನೆಗರ್ ಬಿಟ್ಟರು, ಗರಣೆ ಕರಗಲಿಲ್ಲ. "ನೋಡು, ಈ ಬಿಳೀದೇ ನಿನ್ನ ಮೈಯಿಂದ ಸೋರ್ತಾ ಇರೋದು" ಎಂದರು. ತೆಂಗಿನ ಮನೆಯವರಿಗೆ ತೆಂಗಿನ ಭಾಷೆಯಲ್ಲೇ ಹೇಳೋಣವೆಂದು, ಎಷ್ಟು ಬಿಳಿ ಎಂಬುದಕ್ಕೆ ಅಲ್ಲೇ ಹೆಸರಿಟ್ಟರು. ಎಳೆಗಾಯಿಯೊಳಗಿನ ತಿರುಳಿನ ಹಾಗೆ ದಪ್ಪಗೆ ಉಂಡೆಕಟ್ಟಿದರೆ ಗಂಜಿ. ಅದಕ್ಕಿಂತ ಕಡಿಮೆಯಿದ್ದರೆ ಗಟ್ಟಿಹಾಲು. ಮಬ್ಬಾಗಿದ್ದರೆ ನೀರುಹಾಲು. ಏನೂ ಇಲ್ಲದಿದ್ದರೆ ಎಳನೀರು. "ನಾವು ಕಾಯ್ತಿರೋದು ಎಳನೀರಿಗೆ. ಎಳನೀರಾದ್ರೆ ಗೆದ್ದ ಹಾಗೆ." ಅಮ್ಮ ಮನೆಗೆ ಬಂದು ಇದನ್ನೇ ಅಜ್ಜಿಗೆ ಹೇಳಿದಳು. ಅಜ್ಜಿ ಬಹಳ ಗಮನವಿಟ್ಟು ಕೇಳಿದಳು... ಅಷ್ಟು ಗಮನವಿಟ್ಟು ಕೇಳಬಾರದಿತ್ತು.

ಮರುದಿನ ಬೆಳಿಗ್ಗೆ ಪ್ರನಾಳದಲ್ಲಿ ಗಂಜಿ. ಅದರ ಮರುದಿನವೂ ಗಂಜಿ. ಉಪ್ಪಿಲ್ಲದ ಉಪ್ಪಿಟ್ಟು ತಿಂದು ನನ್ನ ನಾಲಿಗೆ ಸತ್ತಿತ್ತು, ಮಾತ್ರೆಯ ಕಹಿ ಬೇರೆ. ಉಪ್ಪು ಇಷ್ಟು ಕಟ್ಟುನಿಟ್ಟಾಗಿದ್ದರೂ ತಕ್ಕಡಿಯ ಮುಳ್ಳು ಮಾತ್ರ ಮೇಲೇ ಹೋಗುತ್ತಿತ್ತು. ಹೊಟ್ಟೆ ಉಬ್ಬಿ, ಕಾಲು ಕಂಬವಾಗಿ, ಮಲಗಿದರೆ ಉಸಿರಾಡಲು ಕಷ್ಟವಾಗುತ್ತಿತ್ತು. ಅಪ್ಪನ ತಾಳ್ಮೆ ಮುಗಿಯಿತು. ಮಾತ್ರೆಯಿಂದಲೇ ಮಗು ಹೀಗೆ ಊದುತ್ತಿದೆ ಎಂದು ಮಂಡಿಗೆ ಬಂದವರೆಲ್ಲ ಹೇಳತೊಡಗಿದ್ದರು. ಕಣಕಟ್ಟೆಯಾಚೆ ಒಬ್ಬರು ನಾಟಿ ಔಷಧಿಯ ಬೇರು ಕೊಡುತ್ತಾರಂತೆ, ಇಂಗ್ಲಿಷ್ ಮಾತ್ರೆ ಪೂರಾ ಬಿಟ್ಟರೆ ಮಾತ್ರ ಬೇರು ಹಿಡಿಯುತ್ತದಂತೆ. ಮರುದಿನ ಬೆಳಗಿನ ಬಸ್ಸಿಗೆ ಹೊರಡುವುದೆಂದು ತೀರ್ಮಾನವಾಯಿತು. ಆ ದಿನದ ಮಾತ್ರೆ ಅಮ್ಮನ ಅಂಗೈಯಲ್ಲೇ ಉಳಿಯಿತು.

ಸುದ್ದಿ ಗೋಡೆ ದಾಟುವುದಕ್ಕೆ ಎಷ್ಟು ಹೊತ್ತು? ಮೇಡಂ ಸ್ಕೂಲಿನಿಂದ ಬಂದವರೇ ಚಪ್ಪಲಿ ಬಿಡದೆ ನಮ್ಮ ಹಿತ್ತಲ ಬಾಗಿಲಿಗೆ ಬಂದರು. "ಆ ಮಾತ್ರೆ ದಿಢೀರಂತ ಬಿಟ್ರೆ ಮಗೂಗೆ ಅಪಾಯ" ಎಂದು ಅಪ್ಪನಿಗೆ ಹೇಳಿದರು. ಅಪ್ಪ ಮುಖ ತಿರುಗಿಸಿದರು. ಮೇಡಂ ಆಮೇಲೆ ದೊಡ್ಡವರ ಜೊತೆ ಮಾತಾಡಲೇ ಇಲ್ಲ. ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಅಲ್ಲೊಂದು ಹಳ್ಳ ಹಾಗೇ ನಿಂತಿತ್ತು. ಅದನ್ನೇ ನೋಡುತ್ತ ಕೇಳಿದರು.

"ಬೆಳಿಗ್ಗೆಯಿಂದ ಏನೇನು ಕುಡಿದೆ ಹೇಳು."

"ಎಳನೀರು" ಎಂದೆ.

"ಮತ್ತೆ?"

"ಮತ್ತೂ ಎಳನೀರು. ಅಜ್ಜಿ ಕೊಡ್ತಾಳೆ, ಕೊಟ್ಟಿಗೆ ಹಿಂದೆ."

ಅಮ್ಮ ಕೊಟ್ಟಿಗೆಯ ಹಿಂದಕ್ಕೆ ಓಡಿದಳು. ಅಲ್ಲಿ ಬುರುಡೆಗಳ ಗುಡ್ಡೆ. ತೋಟದಿಂದ ವಾರಕ್ಕೊಮ್ಮೆ ಬಸ್ಸಿನ ಮೇಲೆ ಬರುತ್ತಿದ್ದ ಗೊನೆಗಳೆಲ್ಲ ನನ್ನ ಹೊಟ್ಟೆಗೇ ಹೋಗಿದ್ದವು. ಡಾಕ್ಟರು ಅಳತೆ ಹಾಕಿದ್ದು ನೀರಿಗೆ, ಎಳನೀರಿಗಲ್ಲ ಎಂಬುದು ಅಜ್ಜಿಯ ಲೆಕ್ಕ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

"ನೀವೇ ಹೇಳಿದ್ರಲ್ಲ ಮೇಡಮ್ಮಾರೆ, ಎಳ್ನೀರಂಗಾದ್ರೆ ಗೆದ್ದಂಗೆ ಅಂತ. ಒಳಿಕ್ಕೆ ಎಳ್ನೀರು ಹೋದ್ರೆ ತಾನೆ ಆಚಿಕ್ಕೆ ಎಳ್ನೀರು ಬರದು?"

ಮೇಡಂ ಮಣ್ಣಿನ ನೆಲದ ಮೇಲೆ ಹಾಗೇ ಕೂತುಬಿಟ್ಟರು. ಮೊದಲು ಅವರ ಭುಜ ಅಲುಗಿತು, ಆಮೇಲೆ ನಗು ಹೊರಬಂತು. ಕಣ್ಣೊರೆಸಿಕೊಂಡು ಹೇಳಿದರು: "ತಪ್ಪು ನಂದೇ ಅಜ್ಜಿ. ನಾನು ಕೊಟ್ಟ ಉದಾಹರಣೆ ಸರಿ ಇರಲಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ನಾಳೆ ಒಂದು ದಿನ ಬಸ್ಸು ಬಿಡಿ. ಮಾತ್ರೆ ಇವತ್ತಿಂದೇ ಕೊಡಿ, ಎಳನೀರು ನಿಲ್ಲಿಸಿ. ಅಜ್ಜಿ, ನಾಳೆ ಬೆಳಿಗ್ಗೆ ಇವಳದ್ರ ಜೊತೆ ನಿಮ್ಮದೂ ಒಂದು ಸೀಸೆಯಲ್ಲಿ ತನ್ನಿ" ಎಂದರು.

"ನಂದಾ? ನಂದೇನಕ್ಕೆ?"

"ನೀವು ಎಳನೀರು ಕುಡಿದಿಲ್ವಲ್ಲ, ಅದಕ್ಕೆ."

ಮರುದಿನ ಬೆಳಿಗ್ಗೆ ನನ್ನ ಮತ್ತು ಅಮ್ಮನ ಜೊತೆ ಅಜ್ಜಿ ಬಂದಳು. ಸೀಸೆಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಕದ್ದ ಮಾಲು ಸಾಗಿಸುವವಳ ಹಾಗೆ ಬಂದಳು. ಬಂದವಳು ಮೇಡಂ ಮನೆಯ ಹೊಸ್ತಿಲಲ್ಲಿ ನಿಂತಳು. ಇಲ್ಲಿಂದಲೇ ನೋಡ್ತೀನಿ ಎಂದಳು. ಮೇಡಂ ಒಳಗಿಂದ, "ಬಾಗಿಲಿಗೆ ತಂದ್ರೆ ಗಾಳಿಗೆ ದೀಪ ಆರುತ್ತೆ ಅಜ್ಜಿ. ನೋಡ್ಬೇಕಂದ್ರೆ ಒಳಗೇ ಬರ್ಬೇಕು" ಎಂದರು. ಅವರ ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಅಜ್ಜಿ ನನ್ನ ಊದಿದ ಮುಖ ನೋಡಿದಳು. ಬಲಗಾಲು ಎತ್ತಿ ಒಳಗಿಟ್ಟಳು.

ಮೊದಲು ನನ್ನದು. ಗಂಜಿ. ಆಮೇಲೆ ಇನ್ನೊಂದು ಪ್ರನಾಳದಲ್ಲಿ ಅಜ್ಜಿಯದು. ಕುದಿಯಿತು, ಗುಳ್ಳೆಯೆದ್ದಿತು, ವಿನೆಗರ್ ಬಿದ್ದಿತು, ಆದರೂ ಏನೂ ಆಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಹೊರಗಿನ ಕರಿಬೇವಿನ ಗಿಡ ಅದರಲ್ಲಿ ಕಾಣುತ್ತಿತ್ತು.

"ನೀವು ಒಂದು ಹನಿ ಎಳನೀರು ಕುಡಿದಿಲ್ಲ, ಆದ್ರೂ ತಿಳಿಯಾಗಿದೆ. ಇವಳು ಗೊನೆಗಟ್ಟಲೆ ಕುಡಿದ್ರೂ ಗಂಜಿ. ಕುಡಿಯೋದರಿಂದ ಆಗೋದಲ್ಲ ಅಜ್ಜಿ ಇದು. ಒಳಗಿನ ಜರಡಿ ಸಡಿಲ ಆಗಿದೆ. ಮಾತ್ರೆ ಅದನ್ನ ಬಿಗಿ ಮಾಡುತ್ತೆ, ಅದಕ್ಕೆ ಹೊತ್ತು ಬೇಕು. ಅಲ್ಲಿವರೆಗೆ ನೀವು ಕೊಟ್ಟ ನೀರೆಲ್ಲ ಇವಳ ಮೈಯಲ್ಲೇ ನಿಲ್ಲುತ್ತೆ."

ಅಜ್ಜಿ ತನ್ನ ಪ್ರನಾಳವನ್ನೇ ನೋಡುತ್ತಿದ್ದಳು. ಮೊಮ್ಮಗಳ ಚಿಂತೆಯ ನಡುವೆಯೂ ಅವಳಿಗೆ ಸ್ವಲ್ಪ ಹೆಮ್ಮೆಯಾದದ್ದು ನನಗೆ ಚೆನ್ನಾಗಿ ನೆನಪಿದೆ. "ನನ್ ಜರಡಿ ಗಟ್ಟಿ ಐತೆ, ಅಲ್ವ್ರಾ?" ಎಂದಳು. ಮೇಡಂ ಕೈ ತೊಳೆದು ತಮಗೂ ಅಮ್ಮನಿಗೂ ಎಂದಿನಂತೆ ಕಾಫಿಗೆ ಇಟ್ಟಿದ್ದರು. ಅಮ್ಮ ಆ ಮನೆಯಲ್ಲಿ ಕಾಫಿ ಕುಡಿಯುತ್ತಾಳೆಂಬುದು ಅಜ್ಜಿಗೆ ಗೊತ್ತಾದದ್ದೂ ಆಗಲೇ. ಗೋಡೆಗೆ ಒರಗಿ ಕೂತು ಅಜ್ಜಿ ಹೇಳಿದಳು: "ನಂಗೂ ಒಂದ್ ಲೋಟ ಹಾಕವ್ವ. ನನ್ ಉಚ್ಚೇನೇ ನಿನ್ ಅಡಿಗೆಮನ್ಯಾಗೆ ಕಾದೈತೆ. ಇನ್ ಕಾಫಿಗೇನ್ ಮೈಲಿಗೆ."

ಮೇಡಂ ತಿರುಗಿ ನೋಡಲಿಲ್ಲ. ಕಣ್ಣೆದುರಿಗೇ ಇದ್ದ ಸಕ್ಕರೆ ಡಬ್ಬಿಯನ್ನು ಬಹಳ ಹೊತ್ತು ಹುಡುಕಿದರು. ಆಮೇಲೆ ಲೋಟ ಕೊಡುತ್ತ, "ಅದು ಬೇರೆ ಪಾತ್ರೆ, ಇದು ಬೇರೆ ಪಾತ್ರೆ. ಹೆದರ್ಬೇಡಿ" ಎಂದರು. ಅವರ ಮಾತಿನಲ್ಲಿ ಒಂದು ಮುಳ್ಳಿತ್ತು, ಇರಬೇಕಾದ್ದೇ. ಅಜ್ಜಿ ಆ ಮುಳ್ಳನ್ನೂ ಕಾಫಿಯ ಜೊತೆಗೇ ನುಂಗಿದಳು. ಆ ವಯಸ್ಸಿನಲ್ಲಿ ನನಗೆ ಅದೆಲ್ಲ ತಿಳಿಯಲಿಲ್ಲ.

ಅಜ್ಜಿ ಮನೆಗೆ ಬಂದು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಬಸ್ಸೂ ಬ್ಯಾಡ ಗಿಸ್ಸೂ ಬ್ಯಾಡ. ಮಾತ್ರೆ ಕೊಡ್ರಿ." ನಮ್ಮ ಮನೆಯಲ್ಲಿ ಅದರ ಮೇಲೆ ಮೇಲ್ಮನವಿ ಇರಲಿಲ್ಲ. ಹಾಸನಕ್ಕೆ ಮತ್ತೆ ಹೋದೆವು. ಡಾಕ್ಟರು ಎಳನೀರಿನ ಕತೆ ಕೇಳಿ ತಲೆ ಚಚ್ಚಿಕೊಂಡರು, ನೀರಿಳಿಯಲು ಇನ್ನೊಂದು ಮಾತ್ರೆ ಸೇರಿಸಿದರು. ತಕ್ಕಡಿಯ ಮುಳ್ಳು ಇಳಿಯತೊಡಗಿತು. ಗಂಜಿ ಗಟ್ಟಿಹಾಲಾಯಿತು, ಗಟ್ಟಿಹಾಲು ನೀರುಹಾಲಾಯಿತು. ಒಂದು ಬೆಳಿಗ್ಗೆ ಪ್ರನಾಳ ಕುದಿದು ಕುದಿದು ಹಾಗೇ ಉಳಿಯಿತು. ಮೇಡಂ ಅದನ್ನು ಅಜ್ಜಿಯ ಕೈಗೇ ಕೊಟ್ಟರು. ಅಜ್ಜಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಕರಿಬೇವಿನ ಗಿಡ ಕಾಣುತ್ತದೆಯೇ ಎಂದು ನೋಡಿ, "ಎಳ್ನೀರು" ಎಂದಳು. ಅಷ್ಟು ಹೇಳಿ ಅತ್ತಳು.

ಇದು ಒಮ್ಮೆ ಬಂದು ಹೋಗುವ ಕಾಯಿಲೆಯಲ್ಲ. ನೆಗಡಿಯಾದರೆ ಸಾಕು, ಅದರ ಬೆನ್ನಿಗೇ ಮತ್ತೆ ಬರುತ್ತಿತ್ತು. ಎರಡನೇ ಸಲ ಬಂದಾಗ ಮನೆಯವರೆಲ್ಲ ಮಂಕಾಗಿ ಕೂತಿದ್ದರು, ಮೇಡಂ ಮಾತ್ರ, "ಇದು ಹೇಳದೆ ಬರೋ ನೆಂಟ ಕಣೇ. ಬಾಗಿಲಲ್ಲೇ ಗುರುತು ಹಿಡಿದ್ರೆ ಬೇಗ ಕಳಿಸಬಹುದು" ಎಂದರು. ಚಿಮಟವನ್ನೂ ದೀಪವನ್ನೂ ನನ್ನ ಕೈಗೆ ಕೊಟ್ಟದ್ದು ಆಗಲೇ. ನಿನ್ನ ಕಿಡ್ನಿ, ನೀನೇ ಕಾಯಿಸಿ ನೋಡು ಎಂಬುದು ಅವರ ಕಾನೂನು. ಅಮ್ಮ ಬೆಂಕಿಯ ಹತ್ತಿರ ಬಿಡಲು ಹೆದರಿದಳು. ಮೇಡಂ ಪಕ್ಕದಲ್ಲಿ ನಿಂತು ಕಲಿಸಿದರು, ಕಲಿತ ಮೇಲೆ ಪಕ್ಕದಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ನಾನು ನಮ್ಮ ಹಿತ್ತಲಲ್ಲಿ ಕಾಯಿಸಿ ನೋಡಿ ಗೋಡೆಯಾಚೆಗೆ ಕೂಗುವುದು, "ಎಳನೀರು ಮೇಡಂ". ಅವರು ತಲೆ ಬಾಚಿಕೊಳ್ಳುತ್ತಲೋ ಸೀರೆಯ ನೆರಿಗೆ ಹಿಡಿಯುತ್ತಲೋ ಆ ಕಡೆಯಿಂದ, "ಸರಿ, ಸ್ಕೂಲಿಗೆ ನಡಿ". ಬಿಳಿ ಕಂಡ ದಿನ ಅವರೇ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಒಂದು ದಿನ ಕಂಡರೆ ಕಾಯುವುದು, ಬಿಡದೆ ಕಂಡರೆ ಹಾಸನದ ಬಸ್ಸು. ಆ ಊರಿನಲ್ಲಿ ಅಷ್ಟು ಬಹಿರಂಗವಾಗಿ ಮೂತ್ರದ ಫಲಿತಾಂಶ ಇನ್ಯಾರದೂ ಪ್ರಕಟವಾಗಿರಲಿಕ್ಕಿಲ್ಲ.

ಮಾತ್ರೆಯಿಂದ ಕೆನ್ನೆ ಬನ್ನಿನ ಹಾಗಾಗುತ್ತಿತ್ತು, ಸ್ಕೂಲಿನಲ್ಲಿ ಬನ್ನು ಎಂದೇ ಕರೆಯುತ್ತಿದ್ದರು. ಅಳುತ್ತ ಬಂದರೆ ಮೇಡಂ ಸಮಾಧಾನ ಮಾಡುವವರಲ್ಲ. "ಮಾತ್ರೆ ಇಳಿದ ಹಾಗೆ ಕೆನ್ನೆ ಇಳಿಯುತ್ತೆ. ಅಲ್ಲಿವರೆಗೆ ಬನ್ನಾಗೇ ಇರು, ಏನೀಗ" ಎನ್ನುತ್ತಿದ್ದರು. ನಿಜವಾಗಿಯೂ ಇಳಿಯಿತು. ಹೈಸ್ಕೂಲು ಮುಗಿಯುವ ಹೊತ್ತಿಗೆ ಆ ನೆಂಟ ಬರುವುದನ್ನೇ ಬಿಟ್ಟ. ಅಜ್ಜಿ ಮಾಲೇಕಲ್ಲಿನ ವೆಂಕಟರಮಣನಿಗೆ ಹರಕೆ ಹೊತ್ತಿದ್ದಳು. ಮನೆದೇವರು ಶಿವನಾದರೂ ಹರಕೆಯ ವಿಷಯದಲ್ಲಿ ಅವಳಿಗೆ ಭೇದವಿರಲಿಲ್ಲ. ನನ್ನ ಕೈ ಹಿಡಿದು ಬೆಟ್ಟ ಹತ್ತಿ ಬಂದು ಪ್ರಸಾದವನ್ನು ಮೊದಲು ತೆಗೆದುಕೊಂಡು ಹೋದದ್ದು ಮೇಡಂ ಮನೆಗೆ. ಹರಕೆಯನ್ನು ನಂಬದ ಮೇಡಂ ಪುಳಿಯೋಗರೆಯನ್ನು ಬಾಯಿಗೆ ಹಾಕಿಕೊಂಡು, "ಇದನ್ನ ಇವಳಿಗೆ ಜಾಸ್ತಿ ಕೊಡ್ಬೇಡಿ, ಉಪ್ಪು ಮುಂದಾಗಿದೆ" ಎಂದರು.

ಆಮೇಲೆ ಅವರಿಗೆ ಹಳೇಬೀಡಿಗೆ ವರ್ಗವಾಯಿತು. ಆಗಾಗ ಹೋಗಿ ಬರುತ್ತಿದ್ದೆ. ಹೇಗಿದ್ದೀಯ ಎಂದು ಅವರು ಎಂದೂ ಕೇಳಿದವರಲ್ಲ. ಬಗ್ಗಿ ನನ್ನ ಕಣಕಾಲಿಗೆ ಹೆಬ್ಬೆರಳು ಒತ್ತಿ ನೋಡುವುದೇ ಅವರ ಕುಶಲಪ್ರಶ್ನೆ. ನನ್ನ ಮದುವೆಯಲ್ಲೂ ಅಷ್ಟೇ. ಅಕ್ಷತೆ ಹಾಕಲು ಬಂದವರು ಮಂಟಪದಲ್ಲೇ ನನ್ನ ಕಾಲಿನತ್ತ ಬಗ್ಗಿದರು. ಹಿರಿಯರು ಮದುಮಗಳ ಕಾಲು ಮುಟ್ಟುವುದೇ ಎಂದು ಗಂಡಿನ ಕಡೆಯವರು ಗಾಬರಿಯಾದರು. ಮೇಡಂ ಮದರಂಗಿಯ ಪಕ್ಕದಲ್ಲಿ ಒತ್ತಿ, ನೋಡಿ, "ಹಳ್ಳ ಬೀಳಲಿಲ್ಲ. ಮದುವೆ ಆಗು" ಎಂದರು. ನನ್ನ ಗಂಡ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಅವರು ನಿವೃತ್ತಿಯಾಗಿ ಬೇಲೂರಿನಲ್ಲಿ ತಮ್ಮನ ಮನೆಯಲ್ಲಿದ್ದರು. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೋದೆ. ಅದೇ ಬುದ್ಧನ ಪಟ, ಪಕ್ಕದಲ್ಲಿ ಅವರ ಫೋಟೋ... ತಮ್ಮನ ಹೆಂಡತಿ ಕಾಫಿ ತಂದುಕೊಟ್ಟರು. ಕುಡಿಯಲಾಗದೆ ಲೋಟ ಹಿಡಿದು ಕೂತಿದ್ದೆ. ಆಮೇಲೆ ಅಜ್ಜಿಯನ್ನು ನೆನೆದು ಪೂರ್ತಿ ಕುಡಿದೆ.

ಈಗ ಅಪ್ಪನ ಮಂಡಿಯನ್ನು ನೋಡಿಕೊಳ್ಳುವವಳು ನಾನೇ. ಅದೇ ಮನೆ, ಅದೇ ಹಿತ್ತಲು. ಗೋಡೆಯಾಚೆಯ ಮನೆ ಇವತ್ತು ಯಾರದೋ ಗೊಬ್ಬರದ ಗೋದಾಮು. ಈ ಕಾಯಿಲೆಯ ಇವತ್ತಿನ ಮಕ್ಕಳಿಗೆ ಮೂತ್ರದಲ್ಲಿ ಅದ್ದಿ ನೋಡಿದರೆ ಬಣ್ಣ ತೋರಿಸುವ ಕಡ್ಡಿಗಳಿವೆ, ಯಾರೂ ದೀಪ ಹಚ್ಚಬೇಕಾಗಿಲ್ಲ. ಒಳ್ಳೆಯದೇ. ಆದರೆ ಮೊನ್ನೆ ಚಿಮಟ ಕೈಗೆ ಸಿಕ್ಕಾಗ ನನಗೆ ಆಗಷ್ಟೇ ನೆಗಡಿ ಶುರುವಾಗಿತ್ತು. ನೆಗಡಿಯೆಂದರೆ ಕಾಯಿಸಿ ನೋಡು ಎಂದು ಕಲಿತ ಕೈ ಸುಮ್ಮನಿರಲಿಲ್ಲ. ಅಟ್ಟದಿಂದ ಪ್ರನಾಳ ಇಳಿಸಿ, ಮಗಳ ಎದುರಿಗೇ ಹಿತ್ತಲಲ್ಲಿ ದೀಪ ಹಚ್ಚಿದೆ. ಕುದಿಯಿತು. ವಿನೆಗರ್ ಬಿಟ್ಟೆ. ಬೆಳಕಿಗೆ ಹಿಡಿದರೆ ಗೋಡೆಯ ಇಟ್ಟಿಗೆಗಳು ಒಂದೊಂದೂ ಅದರಲ್ಲಿ ಕಾಣುತ್ತಿದ್ದವು.

"ಎಳನೀರು ಮೇಡಂ" ಎಂದು ಕೂಗಿಬಿಟ್ಟೆ. ಗೋದಾಮಿನ ಕಡೆಯಿಂದ ಯಾರೂ ಏನೂ ಹೇಳಲಿಲ್ಲ. ಪ್ರನಾಳ ತೊಳೆದಿಟ್ಟು, ಬಾಗಿಲಲ್ಲಿ ಬ್ಯಾಗು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ ಮಗಳಿಗೆ ಹೇಳಿದೆ: "ಸರಿ, ಸ್ಕೂಲಿಗೆ ನಡಿ."